ಕಾರ್ಡು ಊರಿನಲ್ಲಿ, ಕಾಯಿಲೆ ಇಲ್ಲಿ

ತಿರುವನಂತಪುರದಲ್ಲಿ ಕೇಶವದಾಸಪುರದಿಂದ ಶ್ರೀಕಾರ್ಯದ ಕಡೆಗೆ ಸಾಗುವ ರಸ್ತೆಯಲ್ಲಿ ಉಳ್ಳೂರು ಸಿಗುತ್ತದೆ. ಮಲಯಾಳದ ಮಹಾಕವಿ ಉಳ್ಳೂರ್ ಎಸ್. ಪರಮೇಶ್ವರ ಅಯ್ಯರ್ ಅವರ ಹೆಸರಿನೊಡನೆ ಈ ಊರಿನ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರು ಕೇಳಿರಬಹುದು. ಆದರೆ ಇಂದು ಇಲ್ಲಿ ಬಸ್ಸಿನಿಂದ ಇಳಿಯುವವರಲ್ಲಿ ಬಹಳ ಮಂದಿ ರೋಗಿಗಳು, ಇಲ್ಲವೆ ರೋಗಿಗಳ ಮನೆಯವರು. 1951ರಲ್ಲಿ ಆರಂಭವಾದ ಮೆಡಿಕಲ್ ಕಾಲೇಜು, 1980ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿತವಾದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, 1981ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ಈ ಮೂರೂ ಇಲ್ಲಿಂದ ಕೂಗಳತೆಯಲ್ಲಿವೆ. ಸಂಜೆ ಕಾಸರಗೋಡಿನಲ್ಲಿ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಿಗ್ಗೆ ಇಲ್ಲಿ ಬಂದು ನಿಲ್ಲುತ್ತಾರೆ. ಅವರಲ್ಲಿ ಕನ್ನಡ, ತುಳು ಆಡುವವರೂ ಇರುತ್ತಾರೆ.

ಈ ಭಾಗದಲ್ಲಿ ಮನೆ ಮಾಡಿಕೊಂಡಿರುವ ನಾವು ಕೆಲವು ಕನ್ನಡ ಕುಟುಂಬದವರು ಇವರನ್ನು ಪದೇ ಪದೇ ಕಾಣುತ್ತೇವೆ. ಚೀಟಿ ಬರೆಸುವುದಕ್ಕೆ, ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸುವುದಕ್ಕೆ, ರಕ್ತ ಬೇಕಾದಾಗ ಕೊಡುವವರನ್ನು ಹುಡುಕುವುದಕ್ಕೆ ನಮ್ಮಿಂದಾದಷ್ಟು ಮಾಡುತ್ತೇವೆ. ಹೀಗೆ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ನಿಂತು ನಮಗೆ ಒಂದು ವಿಷಯ ಮನವರಿಕೆಯಾಗಿದೆ. ನಮ್ಮ ದೇಶದ ಆರೋಗ್ಯ ವಿಮೆಯ ಏರ್ಪಾಡು ಮನುಷ್ಯನನ್ನು ನೋಡುವುದಿಲ್ಲ, ಅವನ ವಿಳಾಸವನ್ನು ನೋಡುತ್ತದೆ. ಊರು ಬಿಟ್ಟು ಬಂದವರಿಗೆ ಅದರಿಂದ ಆಗುತ್ತಿರುವ ತೊಂದರೆಯನ್ನು ಇಲ್ಲಿ ವಿಚಾರ ಮಾಡಬೇಕೆಂದಿದ್ದೇವೆ.

ನಮಗೆ ಪರಿಚಯದ ಒಂದು ಮನೆಯ ಸಂಗತಿಯನ್ನು ಮೊದಲು ಹೇಳುತ್ತೇವೆ. ಮಗ ಇಲ್ಲಿ ಬ್ಯಾಂಕಿನ ನೌಕರ. ಸುಳ್ಯದ ಕಡೆಯ ತಾಯಿ, ಅರುವತ್ತೆಂಟು ವರ್ಷದವರು, ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಬಂದವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಮಗನ ಬ್ಯಾಂಕಿನ ವಿಮೆಯಲ್ಲಿ ತಾಯಿಗೆ ಸ್ಥಾನವಿಲ್ಲ. ತೀರಿಕೊಂಡ ಗಂಡನ ಪಿಂಚಣಿ ಅವರಿಗೆ ಬರುವುದರಿಂದ ಅವರು ನಿಯಮದ ಪ್ರಕಾರ ಮಗನ 'ಅವಲಂಬಿತೆ' ಅಲ್ಲ. ಊರಿನ ಪಡಿತರ ಚೀಟಿ ಬಡತನ ರೇಖೆಗಿಂತ ಮೇಲಿನದು. ಅದರ ಮೇಲೆ ಕರ್ನಾಟಕ ಸರಕಾರ ಕೊಡುವ ನೆರವು ಕರ್ನಾಟಕದೊಳಗೆ ಮಾತ್ರ. ಕೇರಳದ ಯೋಜನೆಯಲ್ಲಿ ಹೆಸರಿರುವ ಪ್ರಶ್ನೆಯೇ ಇಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಆ ತಾಯಿ, "ಕಾರ್ಡು ಊರಲ್ಲೇ ಬಿಟ್ಟು ಬಂದೆ ಮಗಾ, ತಂದಿದ್ದರೆ ನಿನಗೆ ಇಷ್ಟು ಖರ್ಚು ಆಗ್ತಿರಲಿಲ್ಲ" ಎಂದು ಕಣ್ಣೀರು ಹಾಕಿದರಂತೆ. ತಂದಿದ್ದರೂ ಉಪಯೋಗವಿರಲಿಲ್ಲ ಎಂದು ಹೇಳಲು ಮಗನಿಗೆ ಮನಸ್ಸಾಗಲಿಲ್ಲ. ಬಿಲ್ಲು ಕಟ್ಟಲು ಹೆಂಡತಿಯ ಬಳೆಗಳು ಅಡವಿಗೆ ಹೋದವು.

ಈ ಕುಟುಂಬ ಬಡವರದಲ್ಲ, ಸಿರಿವಂತರದೂ ಅಲ್ಲ. ನಮ್ಮ ಓದುಗರಲ್ಲಿ ಬಹುಮಂದಿ ಇಂಥವರೇ. ಇವರ ಕೈಯಲ್ಲಿ ಒಂದಲ್ಲ ಮೂರು ಬಗೆಯ ರಕ್ಷಣೆ ಇದ್ದ ಹಾಗೆ ತೋರುತ್ತಿತ್ತು. ಬೇಕಾದಾಗ ಒಂದೂ ಒದಗಲಿಲ್ಲ. ಇದು ಯಾವನೋ ಗುಮಾಸ್ತನ ತಪ್ಪಲ್ಲ. ಎಲ್ಲರೂ ತಮ್ಮ ತಮ್ಮ ನಿಯಮದಂತೆಯೇ ನಡೆದುಕೊಂಡರು. ತಪ್ಪು ನಿಯಮಗಳ ಜೋಡಣೆಯಲ್ಲಿದೆ.

ಈ ಜೋಡಣೆ ಹೇಗಾಯಿತು? ಸ್ವಾತಂತ್ರ್ಯದ ಮುಂಚೆಯೇ, 1943ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. 1946ರಲ್ಲಿ ಅದು ಕೊಟ್ಟ ವರದಿಯ ತಿರುಳು ಇಷ್ಟೇ: ಹಣ ಕೊಡಲಾರನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಎರಡೇ ವರ್ಷಗಳಲ್ಲಿ, 1948ರ ಜುಲೈಯಲ್ಲಿ, ಬ್ರಿಟನ್ ತನ್ನ ಎಲ್ಲ ಪ್ರಜೆಗಳಿಗೂ ಅನ್ವಯಿಸುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ತೆರೆಯಿತು. ನಾವು ಬೇರೆ ದಾರಿ ಹಿಡಿದೆವು. ಕಾರ್ಖಾನೆಯ ಕಾರ್ಮಿಕರಿಗೆ 1948ರ ರಾಜ್ಯ ವಿಮಾ ಕಾಯಿದೆ, ಕೇಂದ್ರ ಸರಕಾರದ ನೌಕರರಿಗೆ 1954ರ ಆರೋಗ್ಯ ಯೋಜನೆ, ಹಣವುಳ್ಳವರಿಗೆ 1986ರಿಂದ ಮೆಡಿಕ್ಲೇಮ್ ಪಾಲಿಸಿ, ಹೀಗೆ ಒಂದೊಂದು ವರ್ಗಕ್ಕೆ ಒಂದೊಂದು ಬಾಗಿಲು ತೆರೆದೆವು. ಯಾವ ಬಾಗಿಲೂ ಇಲ್ಲದವರು ಉಳಿದೇ ಉಳಿದರು.

ಇದಕ್ಕೆ ಸಂವಿಧಾನದ ಒಂದು ತೊಡಕೂ ಕೂಡಿಕೊಂಡಿತು. ಏಳನೆಯ ಅನುಸೂಚಿಯಂತೆ ಆಸ್ಪತ್ರೆ, ಔಷಧಾಲಯಗಳು ರಾಜ್ಯಪಟ್ಟಿಯ ವಿಷಯ. ವಿಮೆಯೂ, ರಾಜ್ಯದಿಂದ ರಾಜ್ಯಕ್ಕೆ ಹೋಗುವ ವಲಸೆಯೂ ಕೇಂದ್ರಪಟ್ಟಿಯವು. ಅಂದಮೇಲೆ ಊರು ಬಿಟ್ಟು ಬಂದ ರೋಗಿ ಈ ಎರಡು ಪಟ್ಟಿಗಳ ನಡುವಣ ಓಣಿಯಲ್ಲಿ ಮಲಗಿರುವವನು. ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕನ್ನು ಅದೇ ಸಂವಿಧಾನ ಅವನಿಗೆ ಕೊಟ್ಟಿದೆ. ನೆಲೆಸಿದ ಮೇಲೆ ಕಾಯಿಲೆ ಬಿದ್ದರೆ ಯಾರು ಹೊಣೆ ಎಂಬುದನ್ನು ಮಾತ್ರ ಯಾರೂ ಸ್ಪಷ್ಟವಾಗಿ ಹೇಳಲಿಲ್ಲ.

ಈಚಿನ ಯೋಜನೆಗಳಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾವು ಹೇಳುವುದಿಲ್ಲ. ಈ ವಿಷಯದಲ್ಲಿ ನಮ್ಮ ಕರ್ನಾಟಕವೇ ಮುಂದಾಗಿ ನಡೆದ ಉದಾಹರಣೆಯುಂಟು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರುವತ್ತು ರೂಪಾಯಿ ಕೊಟ್ಟು ಹೃದಯದ ಶಸ್ತ್ರಚಿಕಿತ್ಸೆಯ ತನಕ ಪಡೆಯಬಹುದಾಗಿತ್ತು. ಕೇರಳದಲ್ಲಿ 2011ರಲ್ಲಿ, ಕೆ. ಎಂ. ಮಾಣಿಯವರು ಹಣಕಾಸು ಸಚಿವರಾಗಿದ್ದಾಗ, ಕಾರುಣ್ಯ ಎಂಬ ಲಾಟರಿ ಹೊರಟಿತು. ಅದರ ಆದಾಯದಿಂದ ಬಡ ರೋಗಿಗಳಿಗೆ ನೆರವಾಯಿತು. ಲಾಟರಿಯ ಹಣದಿಂದ ಔಷಧವೆಂದರೆ ಕೆಲವರಿಗೆ ಮುಜುಗರವಾಗಬಹುದು. ಆದರೆ ಮೂತ್ರಪಿಂಡದ ರೋಗಿಗೆ ಹಣ ಎಲ್ಲಿಂದ ಬಂದಿತೆಂಬುದಕ್ಕಿಂತ ಬಂದಿತೆಂಬುದೇ ದೊಡ್ಡದು.

2018ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನಾರೋಗ್ಯ ಯೋಜನೆ ಬಂದಿತು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಆಸ್ಪತ್ರೆಯ ಖರ್ಚು. ಕೇಂದ್ರ ಶೇಕಡಾ 60, ರಾಜ್ಯ ಶೇಕಡಾ 40 ಭರಿಸಬೇಕು. ಅದೇ ವರ್ಷ ಕರ್ನಾಟಕ ತನ್ನ ಆರೋಗ್ಯ ಕರ್ನಾಟಕವನ್ನು ಇದರೊಡನೆ ಸೇರಿಸಿತು. 2019ರಲ್ಲಿ ಕೇರಳ ತನ್ನ ಹಳೆಯ ಯೋಜನೆಗಳನ್ನು ಕೂಡಿಸಿ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಎಂದು ಹೆಸರಿಟ್ಟಿತು. ಕೇರಳದಲ್ಲಿ ಸುಮಾರು 42 ಲಕ್ಷ ಕುಟುಂಬಗಳು ಇದರಲ್ಲಿವೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2021-22ರಲ್ಲಿ ಶೇಕಡಾ 39.4ಕ್ಕೆ ಇಳಿದಿದೆಯೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಇದು ಸಣ್ಣ ಮಾತಲ್ಲ.

ಆದರೂ ನೂರು ರೂಪಾಯಿಯಲ್ಲಿ ಮೂವತ್ತೊಂಬತ್ತು ರೂಪಾಯಿ ರೋಗಿಯೇ ಕೊಡುತ್ತಿದ್ದಾನೆಂದರೆ ಎಲ್ಲಿಯೋ ದೋಷವಿರಬೇಕು. ನಮ್ಮ ದೃಷ್ಟಿಯಲ್ಲಿ ದೋಷಗಳು ಮೂರು.

ಮೊದಲನೆಯದು, ಮೇಲೆ ಹೇಳಿದ ವಿಳಾಸದ ದೋಷ. ಆಯುಷ್ಮಾನ್ ಯೋಜನೆಯ ಮೂಲ ಪಟ್ಟಿ 2011ರ ಸಾಮಾಜಿಕ ಆರ್ಥಿಕ ಗಣತಿಯಿಂದ ಬಂದದ್ದು. ಆ ಪಟ್ಟಿಯಲ್ಲಿರುವವನು ಬೇರೆ ರಾಜ್ಯದಲ್ಲಿಯೂ ಚಿಕಿತ್ಸೆ ಪಡೆಯಬಹುದು, ಹಣವನ್ನು ಅವನ ತವರು ರಾಜ್ಯ ಕೊಡುತ್ತದೆ. ಆದರೆ ರಾಜ್ಯಗಳು ತಮ್ಮ ಖರ್ಚಿನಿಂದ ಸೇರಿಸಿಕೊಂಡ ಕುಟುಂಬಗಳಿಗೆ ಈ ಸೌಲಭ್ಯ ಹಾಗೆಯೇ ಸಿಗುವುದಿಲ್ಲ. ಕರ್ನಾಟಕದಲ್ಲಿ ಬಡತನ ರೇಖೆಗಿಂತ ಮೇಲಿನ ಕುಟುಂಬಕ್ಕೆ ಚಿಕಿತ್ಸೆಯ ನಿಗದಿತ ದರದಲ್ಲಿ ಶೇಕಡಾ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ, ಸರಕಾರ ಭರಿಸುತ್ತದೆ. ತಲಪಾಡಿ ದಾಟಿದೊಡನೆ ಅದು ಇಲ್ಲ. ಕೇರಳಕ್ಕೆ ಕೂಲಿಗೆ ಬರುವ ಹೊರರಾಜ್ಯದವರಿಗೆಂದು ಇಲ್ಲಿಯ ಸರಕಾರ 2017ರಲ್ಲಿ ಆವಾಜ್ ಎಂಬ ವಿಮೆಯನ್ನು ತಂದಿತು. ಮೊದಲು ಅದರಲ್ಲಿ ಚಿಕಿತ್ಸೆಗೆ ಇಟ್ಟ ಮೊತ್ತ 15,000 ರೂಪಾಯಿ. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ ಸರಿ, ಆದರೆ ಇದೇ ನೆಲದವನಿಗೆ 5 ಲಕ್ಷವಿರುವಾಗ ಪಕ್ಕದಲ್ಲಿ ಕಲ್ಲು ಹೊರುವವನಿಗೆ 15 ಸಾವಿರ!

ಇಲ್ಲಿ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಪಡಿತರ ಅಕ್ಕಿಯ ವಿಷಯದಲ್ಲಿ ಸಾಧ್ಯವಾದದ್ದು ಔಷಧದ ವಿಷಯದಲ್ಲಿ ಏಕೆ ಸಾಧ್ಯವಿಲ್ಲ? ಒಂದು ದೇಶ ಒಂದು ಪಡಿತರ ಚೀಟಿ ಎಂಬ ಏರ್ಪಾಡಿಗೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಸೇರಿಕೊಂಡವು. ರಾಯಚೂರಿನ ಚೀಟಿಯವನು ಕೊಚ್ಚಿಯಲ್ಲಿ ತನ್ನ ಪಾಲಿನ ಅಕ್ಕಿ ಪಡೆಯಬಲ್ಲ. ನಮ್ಮವರಲ್ಲಿ ಬ್ಯಾಂಕಿನ ಕೆಲಸದಿಂದ ಊರೂರು ಸುತ್ತಿದವರು ಬಹಳ. ಪುತ್ತೂರಿನ ಶಾಖೆಯ ಮೇಲೆ ಬರೆದ ಚೆಕ್ಕು ತಿರುವನಂತಪುರದಲ್ಲಿ ನಗದಾಗುವುದು ಹೇಗೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಬ್ಯಾಂಕುಗಳು ತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳುವಂತೆ ರಾಜ್ಯಗಳೂ ತಮ್ಮೊಳಗೆ ತೀರಿಸಿಕೊಳ್ಳಲಿ. ಚೆಕ್ಕು ತಂದವನನ್ನು ಪುತ್ತೂರಿಗೆ ಅಟ್ಟುವುದೇಕೆ?

ಎರಡನೆಯದು ಹಾಸಿಗೆಯ ದೋಷ. ಈ ವಿಮೆಗಳೆಲ್ಲ ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದವನಿಗೆ. ಆಯುಷ್ಮಾನ್ ಯೋಜನೆ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನಗಳ ಖರ್ಚನ್ನು ನೋಡಿಕೊಳ್ಳುತ್ತದೆ. ಹದಿನಾರನೆಯ ದಿನದಿಂದ ರೋಗಿ ಸ್ವತಂತ್ರ! ಆದರೆ ಮಧುಮೇಹ, ರಕ್ತದೊತ್ತಡ, ಹೃದಯದ ಕಾಯಿಲೆ, ಇವು ಹದಿನೈದು ದಿನಗಳ ಅತಿಥಿಗಳಲ್ಲ. ತಿಂಗಳು ತಿಂಗಳೂ ಮಾತ್ರೆ ಕೊಳ್ಳಬೇಕು, ರಕ್ತ ಪರೀಕ್ಷೆ ಮಾಡಿಸಬೇಕು. ಕೇರಳದ ಕಾರುಣ್ಯ ಔಷಧಿ ಅಂಗಡಿಗಳಲ್ಲಿ, ಕೇಂದ್ರದ ಜನೌಷಧಿ ಅಂಗಡಿಗಳಲ್ಲಿ ಬೆಲೆ ಕಡಿಮೆ ಎಂಬುದು ನಿಜ. ಬಲ್ಲವರು ಅಲ್ಲಿಯೇ ಕೊಳ್ಳುತ್ತಾರೆ. ಆದರೂ ಅದು ರಿಯಾಯಿತಿಯೇ ಹೊರತು ರಕ್ಷಣೆಯಲ್ಲ. ಮಾತ್ರೆಗೆ ಹಣವಿಲ್ಲದೆ ಬಿಟ್ಟವನು ಪಾರ್ಶ್ವವಾಯು ಬಡಿದು ಬಿದ್ದಾಗ ಅವನಿಗೆ ಐದು ಲಕ್ಷದ ಕಾರ್ಡು ಜ್ಞಾಪಕಕ್ಕೆ ಬರುತ್ತದೆ. ನೂರು ರೂಪಾಯಿಗೆ ತಪ್ಪಿಸಬಹುದಾದದ್ದನ್ನು ಲಕ್ಷ ಕೊಟ್ಟು ಸರಿಪಡಿಸುವುದು ಯಾವ ಜಾಣತನ?

ಕಾಸರಗೋಡಿನ ಎಂಡೋಸಲ್ಫಾನ್ ಸಂತ್ರಸ್ತರನ್ನು ನೆನೆದರೆ ಈ ದೋಷ ಇನ್ನೂ ಸ್ಪಷ್ಟವಾಗುತ್ತದೆ. ಎಣ್ಮಕಜೆ, ಪಡ್ರೆ, ಬೆಳ್ಳೂರಿನಂಥ ಕನ್ನಡ ಗ್ರಾಮಗಳ ಪಕ್ಕದ ಗೇರು ತೋಟಗಳಲ್ಲಿ ಸರಕಾರಿ ಸ್ವಾಮ್ಯದ ನಿಗಮ 2000ದ ತನಕ ಹೆಲಿಕಾಪ್ಟರಿನಿಂದ ಈ ವಿಷವನ್ನು ಸಿಂಪಡಿಸಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಹಾಸಿಗೆ ಬಿಟ್ಟೇಳಲಾರದ ಮಗುವಿಗೆ ಬೇಕಾದದ್ದು ಒಂದು ಸಲದ ಶಸ್ತ್ರಚಿಕಿತ್ಸೆಯಲ್ಲ. ಮನೆಯ ಹತ್ತಿರ ಜೀವಮಾನವಿಡೀ ಸಿಗುವ ಆರೈಕೆ. ಅದನ್ನು ಯಾವ ವಿಮಾ ಕಾರ್ಡೂ ಕೊಡಲಾರದು, ಹತ್ತಿರದ ಒಳ್ಳೆಯ ಆಸ್ಪತ್ರೆ ಮಾತ್ರ ಕೊಟ್ಟೀತು.

ಇಲ್ಲಿಯೇ ಮೂರನೆಯ ದೋಷ ಕಾಣುತ್ತದೆ. ಕಾರ್ಡು ಇದೆ, ಹಿಂದೆ ಆಸ್ಪತ್ರೆ ಇಲ್ಲ. 1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಮಂಜೇಶ್ವರ, ಕುಂಬಳೆಯ ರೋಗಿ ಮಾತ್ರ ಹಿಂದಿನಂತೆ ಮಂಗಳೂರಿಗೇ ಹೋದ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು, ತಿರುವನಂತಪುರಕ್ಕೆ 550ಕ್ಕೂ ಮಿಕ್ಕಿ. 2020ರ ಮಾರ್ಚಿಯಲ್ಲಿ ಕೊರೋನಾ ಕಾಲದ ದಿಗ್ಬಂಧನದಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿಯಿಂದ ಆಂಬುಲೆನ್ಸುಗಳು ಹಿಂದಿರುಗಿದವು. ಮಂಗಳೂರಿಗೆ ತಲಪಲಾಗದೆ ಹಲವು ರೋಗಿಗಳು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಬೇಕೆಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಗಿ, ಕೊನೆಗೆ ರೋಗಿಗಳನ್ನು ಬಿಡುವುದಕ್ಕೆ ಒಂದು ಕ್ರಮ ಗೊತ್ತಾಯಿತು. ತುರ್ತುಚಿಕಿತ್ಸೆ ಜೀವದ ಹಕ್ಕಿನ ಭಾಗವೆಂದು ಅದೇ ಸುಪ್ರೀಂ ಕೋರ್ಟು 1996ರಷ್ಟು ಹಿಂದೆಯೇ ಪಶ್ಚಿಮ ಬಂಗಾಳದ ಒಂದು ಮೊಕದ್ದಮೆಯಲ್ಲಿ ಹೇಳಿತ್ತು ಎಂಬುದನ್ನು ಮರೆಯಬಾರದು.

ಕನ್ನಡಿಗರಾದ ನಾವು ಈ ವಿಷಯದಲ್ಲಿ ಪಕ್ಷಪಾತ ಮಾಡಲಾರೆವು. ಮಣ್ಣು ಸುರಿದದ್ದು ನಮ್ಮ ರಾಜ್ಯ, ಆಚೆ ಸತ್ತವರು ನಮ್ಮ ನೆರೆಯವರು. ಹಾಗೆಂದು ಕೇರಳದ ಪಾಲಿನ ತಪ್ಪು ಕಡಿಮೆಯೇ? ಬದಿಯಡ್ಕದ ಬಳಿಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಅದರ ಕಟ್ಟಡದ ಬಾಗಿಲು ರೋಗಿಗಳಿಗೆ ತೆರೆದದ್ದು 2020ರ ಏಪ್ರಿಲಿನಲ್ಲಿ, ಕೊರೋನಾ ಆಸ್ಪತ್ರೆಯಾಗಿ. ವೈದ್ಯ ವಿದ್ಯಾರ್ಥಿಗಳ ಪ್ರವೇಶಕ್ಕೆ ಅನುಮತಿ ದೊರೆತದ್ದು 2025ರಲ್ಲಿ. ಅರುವತ್ತು ವರ್ಷಗಳ ಕಾಲ ಒಂದು ಗಡಿಪ್ರದೇಶವನ್ನು ಪಕ್ಕದ ರಾಜ್ಯದ ಖಾಸಗಿ ಆಸ್ಪತ್ರೆಗಳ ಪಾಲಿಗೆ ಬಿಟ್ಟು ಕೈಗೆ ಕಾರ್ಡು ಕೊಟ್ಟರೆ ಏನು ಪ್ರಯೋಜನ?

ರಾಜಧಾನಿಯ ಆಸ್ಪತ್ರೆಯೂ ಚಿಂತೆಯಿಂದ ಹೊರತಲ್ಲ. 2025ರ ಜೂನ್ ಕೊನೆಯಲ್ಲಿ ನಮ್ಮ ಉಳ್ಳೂರಿನ ಪಕ್ಕದ ಮೆಡಿಕಲ್ ಕಾಲೇಜಿನ ಮೂತ್ರರೋಗ ವಿಭಾಗದ ಮುಖ್ಯಸ್ಥ ಡಾ. ಹಾರಿಸ್ ಚಿರಕ್ಕಲ್ ಅವರು ಉಪಕರಣಗಳಿಲ್ಲದೆ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಗಿದೆಯೆಂದು ಬಹಿರಂಗವಾಗಿ ಬರೆದರು. ಸರಕಾರ ವಿಚಾರಣೆಗೆ ಸಮಿತಿಯನ್ನು ನೇಮಿಸಬೇಕಾಯಿತು. ವಿಮೆ ಎಂಬ ಹೆಸರಿದ್ದರೂ ಕರ್ನಾಟಕ, ಕೇರಳಗಳಲ್ಲಿ ಹಣ ಬರಬೇಕಾದದ್ದು ಸರಕಾರದ ಬೊಕ್ಕಸದಿಂದಲೇ. ಬೊಕ್ಕಸ ತಡಮಾಡಿದರೆ ಆಸ್ಪತ್ರೆ ಉಪಕರಣ ಒದಗಿಸುವವನಿಗೆ ಬಾಕಿ ಬೀಳುತ್ತದೆ, ಅವನು ಒದಗಿಸುವುದನ್ನು ನಿಲ್ಲಿಸುತ್ತಾನೆ, ಕೊನೆಗೆ ರೋಗಿ ಹೊರಗಿನ ಅಂಗಡಿಯಿಂದ ಕೊಂಡು ತರಬೇಕಾಗುತ್ತದೆ.

ಇನ್ನು ಹಣ ಕೊಟ್ಟು ಪಾಲಿಸಿ ಕೊಂಡವರ ಪಾಡು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕೆಲವು ಒಳ್ಳೆಯ ಬದಲಾವಣೆಗಳನ್ನು ಮಾಡಿತು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ 4 ವರ್ಷದಿಂದ 3ಕ್ಕೆ ಇಳಿಯಿತು, 65ರ ವಯೋಮಿತಿ ಹೋಯಿತು, ಬಿಡುಗಡೆಯ ಮಂಜೂರಾತಿಯನ್ನು 3 ಗಂಟೆಯೊಳಗೆ ಕೊಡಬೇಕೆಂದಾಯಿತು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇಕಡಾ 18ರ ತೆರಿಗೆಯೂ ತೆಗೆಯಲ್ಪಟ್ಟಿತು. ಆದರೆ ಮೂಲ ತರ್ಕ ಬದಲಾಗಲಿಲ್ಲ. ಪ್ರಾಯದಲ್ಲಿ ಕಾಯಿಲೆ ಇಲ್ಲದಾಗ ಕಂತು ಕಡಿಮೆ, ಮುಪ್ಪಿನಲ್ಲಿ ಕಾಯಿಲೆ ಬಂದಾಗ ಕಂತು ಹೆಚ್ಚು. ಸಂಬಳವಿದ್ದಾಗ ಸಂಸ್ಥೆ ಕಟ್ಟುತ್ತದೆ, ನಿವೃತ್ತಿಯ ಮೇಲೆ ಪಿಂಚಣಿಯಿಂದ ತಾನೇ ಕಟ್ಟಬೇಕು. ನಿವೃತ್ತ ಬ್ಯಾಂಕ್ ನೌಕರರನ್ನು ಕೇಳಿ ನೋಡಿ, ಕಂತಿನ ಏರಿಕೆಯ ಕಥೆಯನ್ನು ಅವರು ಬಾಯಿಪಾಠ ಒಪ್ಪಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ, ವರಮಾನ ನೋಡದೆ, ಆಯುಷ್ಮಾನ್ ಸೌಲಭ್ಯವನ್ನು ವಿಸ್ತರಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಖರ್ಚು ಯಾರದೆಂಬ ವಿಷಯದಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ಚೌಕಾಸಿ ನಡೆದು, ಘೋಷಣೆಯಾದ ದಿನವೇ ಎಲ್ಲ ಊರಿನ ಕೌಂಟರಿನಲ್ಲಿಯೂ ಅದು ಕೈಗೆ ಸಿಗಲಿಲ್ಲ. ಮೇಲೆ ಹೇಳಿದ ತಾಯಿಗಂತೂ ಇನ್ನೂ ಎರಡು ವರ್ಷ ಕಡಿಮೆ.

ಎಲ್ಲರಿಗೂ ಎಲ್ಲೆಲ್ಲಿಯೂ ಚಿಕಿತ್ಸೆಯೆಂದರೆ ಹಣ ಎಲ್ಲಿಂದ ಬರಬೇಕು ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರಕಾರಗಳ ಆರೋಗ್ಯ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇಕಡಾ 2.5 ಆಗಬೇಕೆಂದಿತ್ತು. 2021-22ರಲ್ಲಿ, ಕೊರೋನಾದ ಖರ್ಚೂ ಸೇರಿ, ಅದು 1.84ರಲ್ಲಿತ್ತು. ಹೊಸ ವಾಗ್ದಾನ ಬೇಡ, ಕೊಟ್ಟ ಮಾತನ್ನು ನಡೆಸಿದರೆ ಸಾಕು. ಒಳ್ಳೆಯ ಆಸ್ಪತ್ರೆಗಳಿರುವ ರಾಜ್ಯಕ್ಕೆ ಹೊರಗಿನವರೆಲ್ಲ ನುಗ್ಗುತ್ತಾರೆಂಬುದು ಇನ್ನೊಂದು ಆಕ್ಷೇಪ. ಅದಕ್ಕಾಗಿಯೇ ರಾಜ್ಯಗಳ ನಡುವೆ ತಡವಿಲ್ಲದೆ ಲೆಕ್ಕ ತೀರುವ ಏರ್ಪಾಡು ಬೇಕೆನ್ನುತ್ತೇವೆ. ಹೊರಗಿನ ರೋಗಿ ಹೊರೆಯಾಗುವುದು ಅವನ ಹಣ ಹಿಂದೆಯೇ ಬಾರದಾಗ.

ಬೇರೊಂದು ದೇಶ ಇದನ್ನು ಮಾಡಿ ತೋರಿಸಿದೆ. ಥಾಯ್ಲೆಂಡ್ 2002ರಲ್ಲಿ ಬೇರೆ ರಕ್ಷಣೆಯಿಲ್ಲದ ಎಲ್ಲರಿಗೂ ತೆರಿಗೆಯ ಹಣದಿಂದ ಚಿಕಿತ್ಸೆಯ ಏರ್ಪಾಡು ಮಾಡಿತು. ಒಂದು ಭೇಟಿಗೆ 30 ಬಾತ್ ಕೊಟ್ಟರಾಯಿತೆಂದು ಅದು ಮೂವತ್ತು ಬಾತ್ ಯೋಜನೆ ಎಂದೇ ಹೆಸರಾಯಿತು. ಹೊರರೋಗಿಯ ಚಿಕಿತ್ಸೆಯೂ ಔಷಧವೂ ಅದರಲ್ಲಿ ಸೇರಿವೆ. ಅಲ್ಲಿಯೂ ಜನರು ತಮ್ಮ ಹೆಸರು ನೋಂದಾಯಿಸಿದ ಆಸ್ಪತ್ರೆಗೇ ಹೋಗಬೇಕಾಗಿತ್ತು, ಊರು ಬಿಟ್ಟು ಬ್ಯಾಂಕಾಕಿಗೆ ದುಡಿಯಲು ಬಂದವನಿಗೆ ಕಷ್ಟವಿತ್ತು. 2024ರ ಜನವರಿಯಿಂದ ಗುರುತಿನ ಚೀಟಿ ತೋರಿಸಿ ಎಲ್ಲಿ ಬೇಕಾದರೂ ಚಿಕಿತ್ಸೆ ಪಡೆಯುವ ಕ್ರಮವನ್ನು ನಾಲ್ಕು ಪ್ರಾಂತಗಳಲ್ಲಿ ತೊಡಗಿದರು. ರೋಗ ಒಂದೇ, ಔಷಧವೂ ಒಂದೇ ಅಲ್ಲವೆ?

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟು. ರಕ್ಷಣೆ ಪಡಿತರ ಚೀಟಿಗಲ್ಲ, ವ್ಯಕ್ತಿಗೆ ಸಲ್ಲಬೇಕು. ರಾಜ್ಯ ತನ್ನವನಿಗೆ ಕೊಡುವ ನೆರವು ಗಡಿ ದಾಟಿಯೂ ನಡೆಯಬೇಕು. ದೀರ್ಘಕಾಲದ ರೋಗಗಳ ಔಷಧ ಮತ್ತು ಪರೀಕ್ಷೆ ಅದರಲ್ಲಿ ಸೇರಬೇಕು. ಸರಕಾರಿ ಆಸ್ಪತ್ರೆಗಳಿಗೆ ಸಲ್ಲಬೇಕಾದ ಹಣ ಮೊದಲು ಸಲ್ಲಬೇಕು. ಕಾಸರಗೋಡು ಮತ್ತು ಮಂಗಳೂರನ್ನು ರೋಗಿಯ ಮಟ್ಟಿಗಾದರೂ ಒಂದೇ ಪ್ರದೇಶವೆಂದು ಎಣಿಸಿ ಎರಡೂ ಸರಕಾರಗಳು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಇಲ್ಲಿಯ ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವನಿಗೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿಯುವುದು ಆ ಹಕ್ಕಿನ ಮೊದಲ ಉಪಯೋಗವಾಗಬೇಕು.

ನಮ್ಮ ಸಂಘಗಳಿಗೂ ಇದರಲ್ಲಿ ಕೆಲಸವಿದೆ. ರಾಜ್ಯೋತ್ಸವಕ್ಕೆ ಕರ್ನಾಟಕದಿಂದ ಮಂತ್ರಿಗಳನ್ನು ಕರೆಸಿ ಶಾಲು ಹೊದಿಸುತ್ತೇವೆ. ಮುಂದಿನ ಸಲ ಶಾಲಿನೊಡನೆ ಒಂದು ಮನವಿಯನ್ನೂ ಕೊಡೋಣ: ಹೊರನಾಡಿನಲ್ಲಿ ಮಕ್ಕಳ ಮನೆಗೆ ಬಂದ ತಾಯಿತಂದೆಯರಿಗೆ ಕರ್ನಾಟಕದ ಕಾರ್ಡು ನಡೆಯುವಂತೆ ಮಾಡಿರಿ ಎಂದು. ಅಷ್ಟರೊಳಗೆ ಪ್ರತಿಯೊಂದು ಮನೆಯಲ್ಲಿಯೂ ಊರಿನ ಹಿರಿಯರ ಕಾರ್ಡು ಯಾವ ಬಗೆಯದು, ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಅವರು ರೈಲು ಹತ್ತುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಆ ತಾಯಿ ಈಗ ಕೋಲು ಹಿಡಿದು ನಡೆಯುತ್ತಾರೆ. ಊರಿಗೆ ಮರಳಿದ್ದಾರೆ. ಇನ್ನು ಮಗನ ಮನೆಗೆ ಬರುವುದಿಲ್ಲವೆಂದು ಹೇಳಿದ್ದಾರಂತೆ. ಅವರಿಗೆ ದಾರಿಯ ಆಯಾಸದ ಭಯವಿಲ್ಲ. ಮಗನಿಗೆ ಮತ್ತೆ ಖರ್ಚಾದೀತೆಂಬ ಭಯ. ಮೊಮ್ಮಗಳ ಮುಂದಿನ ಹುಟ್ಟುಹಬ್ಬಕ್ಕೆ ಅಜ್ಜಿ ಧೈರ್ಯದಿಂದ ಬರುವಂತಾಗಬೇಕು ಎಂಬುದೇ ನಮ್ಮ ಆಸೆ.